ಒಂದು ಹಿನ್ನೀರು, ಎರಡು ದಾಖಲೆ

ಮೀನು ಹಿಡಿಯಲು ಯಾವ ಕಾಲ ಒಳ್ಳೆಯದು ಎಂದು ನಮ್ಮಲ್ಲಿ ಕೇಳಿದರೆ ಮುಂಗಾರಿನ ಹೊಸ ನೀರು ಹರಿಯುವ ಕಾಲ ಎಂಬ ಉತ್ತರ ಬರುತ್ತದೆ. ಅಮೆರಿಕದ ಉತ್ತರ ಭಾಗದಲ್ಲಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಇದೇ ಪ್ರಶ್ನೆ ಕೇಳಿದರೆ, ಮಸ್ಕಿ ಮೀನಿನ ಬೆನ್ನು ಹತ್ತಿದವರು ಅಕ್ಟೋಬರ್, ನವೆಂಬರ್ ಎನ್ನುತ್ತಾರೆ. ಆಗ ಮರಗಳ ಎಲೆ ಉದುರಿರುತ್ತದೆ. ಉಳಿದವರು ದೋಣಿ ದಡಕ್ಕೆ ಎಳೆದು ಮನೆ ಸೇರಿರುತ್ತಾರೆ. ಗಾಳದ ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟಿ ದಾರ ಓಡುವುದಿಲ್ಲ. ಆದರೂ ಅವರು ಕೆರೆಯ ನಡುವೆ ಕಾದು ಕುಳಿತಿರುತ್ತಾರೆ.

ಮಸ್ಕಿ ಎಂದೊಡನೆ ವಿದ್ಯಾರ್ಥಿಗಳಿಗೆ ರಾಯಚೂರು ಜಿಲ್ಲೆಯ ಅಶೋಕನ ಶಾಸನ ನೆನಪಾಗುವುದು ಸಹಜ. ಈ ಮಸ್ಕಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಲ್ಲಿ ಈ ಮೀನು ‘ಮಾಶ್ಕಿನೋಝೆ’. ಅದು ಬಿಳಿಯರ ಬಾಯಲ್ಲಿ ‘ಮಸ್ಕೆಲಂಜ್’ ಆಗಿ, ಕೊನೆಗೆ ಮಸ್ಕಿಯಾಗಿ ಉಳಿಯಿತು. ಮೀನಿನ ಮೇಲಿನ ಹಕ್ಕು ಯಾರದೆಂದು ಮುಂದೆ ಜಗಳ ನಡೆದರೂ ಹೆಸರು ಯಾರದು ಎಂಬುದರಲ್ಲಿ ಅನುಮಾನವಿಲ್ಲ.

ಚಳಿಗೂ ಈ ಬೇಟೆಗೂ ಇರುವ ನಂಟನ್ನು ಮೊದಲು ತಿಳಿಯೋಣ. ನೀರು ಅತ್ಯಂತ ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಶರತ್ಕಾಲದಲ್ಲಿ ಕೆರೆಯ ಮೇಲ್ಪದರ ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ನೀರು ಮೇಲೆ ಬರುತ್ತದೆ, ಇಡೀ ಕೆರೆ ಒಮ್ಮೆ ಮಗುಚಿಕೊಳ್ಳುತ್ತದೆ. ನೀರು ಇನ್ನೂ ತಣ್ಣಗಾದಾಗ ಸಿಸ್ಕೊ ಎಂಬ ಕೊಬ್ಬಿನ ಮೀನುಗಳು ಮೊಟ್ಟೆ ಇಡಲು ಆಳದಿಂದ ದಡದತ್ತ ಬರುತ್ತವೆ. ಅವುಗಳ ಹಿಂದೆಯೇ ಮಸ್ಕಿ ಬರುತ್ತದೆ. ಹೆಣ್ಣು ಮಸ್ಕಿ ವಸಂತದಲ್ಲಿ ಇಡುವ ಮೊಟ್ಟೆಗಳು ಈಗಲೇ ಹೊಟ್ಟೆಯಲ್ಲಿ ಬೆಳೆಯುತ್ತಿರುವುದರಿಂದ ಅದರ ತೂಕ ಹೆಚ್ಚಿರುತ್ತದೆ. ವರ್ಷದ ಅತ್ಯಂತ ಭಾರದ ಮೀನು ಬೇಕಾದವನು ಚಳಿಗೆ ಮೈಯೊಡ್ಡುವುದು ಇದಕ್ಕಾಗಿಯೇ.

ಒಜಿಬ್ವೆ ಜನರಿಗೆ ಇದು ಹೊಸ ಸಂಗತಿಯೇನಲ್ಲ. ಕೆರೆ ಹೆಪ್ಪುಗಟ್ಟಿದ ಮೇಲೂ ಅವರ ಬೇಟೆ ನಿಲ್ಲುತ್ತಿರಲಿಲ್ಲ. ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು, ಬೆಳಕು ಒಳಬಾರದಂತೆ ಕಂಬಳಿ ಹೊದ್ದು ಅದರ ಮೇಲೆ ಬೋರಲಾಗಿ ಮಲಗುತ್ತಿದ್ದರು. ಹೊರಗೆ ಕತ್ತಲಾದರೆ ನೀರಿನೊಳಗೆ ಸ್ಪಷ್ಟವಾಗಿ ಕಾಣುತ್ತದೆ. ಮರದಲ್ಲಿ ಕೆತ್ತಿ, ಮುಳುಗಲು ಹೊಟ್ಟೆಗೆ ಸೀಸ ತುಂಬಿದ ಪುಟ್ಟ ಮೀನನ್ನು ದಾರದಲ್ಲಿ ಆಡಿಸುತ್ತಿದ್ದರು. ಅದನ್ನು ನಿಜವೆಂದು ನಂಬಿ ದೊಡ್ಡ ಮೀನು ಹತ್ತಿರ ಬಂದಾಗ ಈಟಿ ಇಳಿಯುತ್ತಿತ್ತು. ಅವರಿಗೆ ಇದು ಆಟವಲ್ಲ, ಚಳಿಗಾಲದ ಊಟ. 1837 ಮತ್ತು 1842ರ ಒಪ್ಪಂದಗಳಲ್ಲಿ ಅವರು ಅಪಾರ ಭೂಮಿಯನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರೂ, ಆ ಭೂಮಿಯಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು. ಈ ಮಾತನ್ನು ನೆನಪಿನಲ್ಲಿಡಿ.

ಈಗ ಒಂದು ಅಣೆಕಟ್ಟಿನ ಕಥೆ. ವಿಸ್ಕಾನ್ಸಿನ್‌ನ ವಾಯವ್ಯದಲ್ಲಿ, ಲಕ್ ಕೂರ್ಟ್ ಒರೇ ಎಂಬ ಒಜಿಬ್ವೆ ಮೀಸಲು ಪ್ರದೇಶದ ಪಕ್ಕದಲ್ಲಿ ಚಿಪ್ಪೆವಾ ನದಿ ಹರಿಯುತ್ತದೆ. ಕೆಳಗಿನ ವಿದ್ಯುತ್ ಕೇಂದ್ರಗಳಿಗೆ ನೀರು ಸಂಗ್ರಹಿಸಲು ಒಂದು ಖಾಸಗಿ ಕಂಪನಿಗೆ 1921ರಲ್ಲಿ ಪರವಾನಗಿ ಸಿಕ್ಕಿತು. ಒಜಿಬ್ವೆ ಜನ ಒಪ್ಪಲಿಲ್ಲ. ಅವರ ಒಪ್ಪಿಗೆಗೆ ಯಾರೂ ಕಾಯಲಿಲ್ಲ. 1923ರಲ್ಲಿ ನೀರು ನಿಂತಿತು. ಪೋಸ್ಟ್ ಎಂಬ ಅವರ ಹಳ್ಳಿ ಮುಳುಗಿತು. ತಲೆಮಾರುಗಳಿಂದ ದೋಣಿಯಲ್ಲಿ ಹೋಗಿ ತೆನೆ ಬಡಿದು ತರುತ್ತಿದ್ದ ಕಾಡು ಭತ್ತದ ಜವುಗು ಮುಳುಗಿತು. ಸಮಾಧಿಗಳನ್ನು ಸ್ಥಳಾಂತರಿಸುತ್ತೇವೆಂಬ ಮಾತು ಪೂರ್ತಿ ನಡೆಯಲಿಲ್ಲ, ಹಿರಿಯರ ಅನೇಕ ಸಮಾಧಿಗಳು ನೀರಿನಡಿಯಲ್ಲೇ ಉಳಿದವು. ಶರಾವತಿಯ ಹಿನ್ನೀರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಳುಗಿದ ಮರಗಳ ಬುಡಗಳ ನಡುವೆ, ಸುಮಾರು 15 ಸಾವಿರ ಎಕರೆಯ ಈ ಹೊಸ ಹಿನ್ನೀರಿನಲ್ಲಿ ಮಸ್ಕಿ ಚೆನ್ನಾಗಿ ಬೆಳೆಯಿತು. ಪ್ರವಾಸಿಗರು ಬಂದರು, ವಸತಿಗೃಹಗಳು ಎದ್ದವು. 1949ರ ಅಕ್ಟೋಬರ್ 20ರಂದು ಲೂಯಿ ಸ್ಪ್ರೇ ಎಂಬಾತ ಇಲ್ಲಿ ಹಿಡಿದ ಮಸ್ಕಿ 69 ಪೌಂಡ್ 11 ಔನ್ಸ್, ಅಂದರೆ ಸುಮಾರು 31.6 ಕಿಲೋ ತೂಗಿತೆಂದು ದಾಖಲಾಯಿತು. ಉದ್ದ 63.5 ಅಂಗುಲ. ಮೀನನ್ನು ದೋಣಿಗೆ ಎಳೆದುಕೊಳ್ಳುವ ಮೊದಲು ಅದರ ತಲೆಗೆ ಗುಂಡು ಹಾರಿಸಲಾಗಿತ್ತು. ಓದಿ ಬೆರಗಾಗಬೇಡಿ, ಅಂದು ಅಲ್ಲಿ ಅದು ರೂಢಿ. ಕಾನೂನು ಅದನ್ನು ನಿಷೇಧಿಸಿದ್ದು ಆಮೇಲೆ.

ಈ ದಾಖಲೆಯ ಸುತ್ತ ನಡೆದಷ್ಟು ವಾದ ಒಂದು ಮೀನಿನ ಬಗ್ಗೆ ನಡೆಯಬಹುದೆಂದು ನಂಬುವುದೇ ಕಷ್ಟ. ಒಣಗಿಸಿ ತುಂಬಿಟ್ಟಿದ್ದ ಮೀನು 1959ರಲ್ಲಿ ಬೆಂಕಿಗೆ ಆಹುತಿಯಾಯಿತು. ಉಳಿದದ್ದು ಛಾಯಾಚಿತ್ರಗಳು ಮತ್ತು ಸಾಕ್ಷಿಗಳ ಹೇಳಿಕೆ. 1957ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ ಬಂದ 69 ಪೌಂಡ್ 15 ಔನ್ಸ್‌ನ ಇನ್ನೊಂದು ದಾಖಲೆ ಇದನ್ನು ಹಿಂದಿಕ್ಕಿತ್ತು, ಆದರೆ 1992ರಲ್ಲಿ ಅದು ರದ್ದಾಯಿತು. ಹೇವರ್ಡ್ ಪಟ್ಟಣದಲ್ಲಿ 143 ಅಡಿ ಉದ್ದದ ಮಸ್ಕಿ ಆಕಾರದ ಕಟ್ಟಡವುಳ್ಳ ಮೀನುಗಾರಿಕೆಯ ವಸ್ತುಸಂಗ್ರಹಾಲಯವಿದೆ. ಛಾಯಾಚಿತ್ರಗಳನ್ನು ಅಳೆದು ಎತ್ತಿದ ಆಕ್ಷೇಪಣೆಗಳನ್ನು ಕೇಳಿದ ಮೇಲೂ ಆ ಸಂಸ್ಥೆ 2006ರಲ್ಲಿ ಸ್ಪ್ರೇ ದಾಖಲೆಯನ್ನೇ ಎತ್ತಿಹಿಡಿಯಿತು. ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆ ಮಾತ್ರ ಅದೇ 1949ರ ಜುಲೈನಲ್ಲಿ ಕಾಲ್ ಜಾನ್ಸನ್ ಹಿಡಿದ 67 ಪೌಂಡ್ 8 ಔನ್ಸ್ ಮೀನನ್ನು ಮಾನ್ಯ ಮಾಡಿದೆ. ಅದು ಸಿಕ್ಕಿದ್ದು ಪಕ್ಕದ ಲಕ್ ಕೂರ್ಟ್ ಒರೇ ಸರೋವರದಲ್ಲಿ. ನನಗೆ ಈ ತೂಕದ ಜಗಳಕ್ಕಿಂತ ನೀರಿನ ಕೆಳಗೇನಿದೆ ಎಂಬ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಇಷ್ಟು ಶ್ರದ್ಧೆಯಿಂದ ಕೇಳಲಿಲ್ಲವಲ್ಲ ಎಂಬುದೇ ದೊಡ್ಡದಾಗಿ ಕಾಣುತ್ತದೆ.

ಕನ್ನಡದಲ್ಲಿ ನಾವು ‘ದಾಖಲೆ’ ಎಂಬ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತೇವೆ. ಆಟಗಾರ ಮುರಿಯುವುದೂ ದಾಖಲೆಯೇ, ಕಚೇರಿಯಲ್ಲಿ ಕಟ್ಟಿಡುವ ಕಾಗದವೂ ದಾಖಲೆಯೇ. ಈ ಹಿನ್ನೀರಿನ ಎರಡನೆಯ ದಾಖಲೆ ಆ ಹಳೆಯ ಒಪ್ಪಂದ.

1971ರಲ್ಲಿ ಅಣೆಕಟ್ಟಿನ 50 ವರ್ಷದ ಪರವಾನಗಿ ಮುಗಿಯಿತು. ಆ ಬೇಸಿಗೆಯಲ್ಲಿ ಒಜಿಬ್ವೆ ಜನರು ಅಣೆಕಟ್ಟಿನ ಮೇಲೆಯೇ ಬೀಡುಬಿಟ್ಟು ಪ್ರತಿಭಟಿಸಿದರು. ವರ್ಷಗಳ ಮಾತುಕತೆಯ ಬಳಿಕ ಕೆಲವು ಜಮೀನು ಅವರಿಗೆ ಮರಳಿತು. ಆದರೆ ಇತಿಹಾಸದ ದಿಕ್ಕು ತಿರುಗಿಸಿದ್ದು ಇದಕ್ಕಿಂತ ಸಣ್ಣದೊಂದು ಘಟನೆ. 1974ರ ಮಾರ್ಚ್ ತಿಂಗಳಲ್ಲಿ ಆ ಬುಡಕಟ್ಟಿನ ಇಬ್ಬರು ಸಹೋದರರು ಮೀಸಲು ಪ್ರದೇಶದ ಗಡಿ ದಾಟಿ ಹೋಗಿ, ಹೆಪ್ಪುಗಟ್ಟಿದ ಚೀಫ್ ಸರೋವರದಲ್ಲಿ ರಂಧ್ರ ಕೊರೆದು ಈಟಿ ಹಿಡಿದರು. ಅಧಿಕಾರಿಗಳು ಅವರನ್ನು ಬಂಧಿಸಿದರು. ಚೀಫ್ ಸರೋವರ ಎಲ್ಲಿದೆ ಗೊತ್ತೇ? ಅದೇ ಚಿಪ್ಪೆವಾ ಹಿನ್ನೀರಿನ ಒಂದು ಭಾಗ.

ಬುಡಕಟ್ಟು ನ್ಯಾಯಾಲಯದ ಮೆಟ್ಟಿಲೇರಿತು. 1983ರ ಜನವರಿ 25ರಂದು ಫೆಡರಲ್ ಮೇಲ್ಮನವಿ ನ್ಯಾಯಾಲಯವು ‘ವಾಯ್ಟ್ ತೀರ್ಪು’ ಎಂದು ಪ್ರಸಿದ್ಧವಾದ ತೀರ್ಪು ನೀಡಿತು. 1837 ಮತ್ತು 1842ರ ಹಕ್ಕು ಇನ್ನೂ ಜೀವಂತವಾಗಿದೆ, ಅದು ಮೀಸಲು ಪ್ರದೇಶದ ಹೊರಗೂ ಸಲ್ಲುತ್ತದೆ ಎಂಬುದು ಅದರ ಸಾರ. ಆ ದಶಕದ ಕೊನೆಯ ವರ್ಷಗಳಲ್ಲಿ ವಸಂತದ ರಾತ್ರಿ ಈಟಿ ಹಿಡಿದು ದೋಣಿ ಇಳಿಸಿದ ಒಜಿಬ್ವೆ ಕುಟುಂಬಗಳ ಮೇಲೆ ದಡದಿಂದ ಬೈಗುಳ ಮತ್ತು ಕಲ್ಲುಗಳು ಬಂದವು. ಈಟಿಯಿಂದ ಮೀನಿನ ಸಂತತಿ ನಾಶವಾಗುತ್ತದೆ ಎಂಬುದು ಪ್ರತಿಭಟನಾಕಾರರ ವಾದ. 1991ರ ಸರ್ಕಾರಿ ವರದಿ ಆ ವಾದಕ್ಕೆ ಆಧಾರವಿಲ್ಲ ಎಂದು ತೋರಿಸಿತು. 1949ರಲ್ಲಿ ಗುಂಡು ಹೊಡೆದು ಎಳೆದ ಮೀನು ರಾಜ್ಯದ ಹೆಮ್ಮೆ, 1974ರಲ್ಲಿ ಅದೇ ನೀರಿನ ಮೇಲೆ ಹಿಡಿದ ಈಟಿ ಅಪರಾಧ. ವಿದ್ಯಾರ್ಥಿ ಮಿತ್ರರೇ, ಈ ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿ ಬರೆದು ನೋಡಿ.

ಗಾಳದವರ ಕಡೆಯೂ ಬದಲಾವಣೆ ಬಂದಿತು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಹೆಣ್ಣು ಮಸ್ಕಿ 50 ಅಂಗುಲ ಬೆಳೆಯಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕು. ಹಿಡಿದುದನ್ನೆಲ್ಲ ಕೊಂದರೆ ಉಳಿಯುವುದೇನು? 1966ರಲ್ಲಿ ನೆರೆಯ ಮಿನ್ನೆಸೋಟದಲ್ಲಿ ಗಿಲ್ ಹ್ಯಾಮ್ ಎಂಬುವರು ‘ಮಸ್ಕೀಸ್ ಇನ್‌ಕಾರ್ಪೊರೇಟೆಡ್’ ಎಂಬ ಸಂಘ ಕಟ್ಟಿದರು. ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಡುವ ಪದ್ಧತಿ ಆ ಸಂಘದ ಮೂಲಕ ಹರಡಿತು.

ಆದರೆ ಬಿಟ್ಟ ಮೀನು ಬದುಕಿತೇ? ಚಳಿಗಾಲದ ಗಾಳದಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಹಳೆಯ ಕ್ರಮದಲ್ಲಿ ಜೀವಂತ ಸಕರ್ ಮೀನನ್ನು ಒಂಟಿ ಕೊಕ್ಕೆಗೆ ಸಿಕ್ಕಿಸಿ, ಮಸ್ಕಿ ಅದನ್ನು ಪೂರ್ತಿ ನುಂಗುವವರೆಗೆ ಕಾಯುತ್ತಿದ್ದರು. ಕೊಕ್ಕೆ ಹೊಟ್ಟೆಯಲ್ಲಿ ನಾಟುತ್ತಿತ್ತು. ದಾರ ಕತ್ತರಿಸಿ ಬಿಟ್ಟಾಗ ಮೀನು ಈಜಿಕೊಂಡು ಹೋಗುತ್ತಿದ್ದುದರಿಂದ ಬದುಕಿತೆಂದೇ ಜನರ ನಂಬಿಕೆ. ವಿಸ್ಕಾನ್ಸಿನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಬಿಟ್ಟ ಮೀನುಗಳಲ್ಲಿ ಬಹುಪಾಲು ಒಂದು ವರ್ಷದೊಳಗೆ ಸತ್ತಿದ್ದವು. ಮುಂದೆ ದೊಡ್ಡ ಜೀವಂತ ಎರೆ ಬಳಸುವವರು ಮೀನು ಕಚ್ಚಿದ ಕೂಡಲೇ ಬಾಯಲ್ಲೇ ನಾಟುವ ಕೊಕ್ಕೆಗಳನ್ನು ಬಳಸಬೇಕೆಂದು ನಿಯಮವಾಯಿತು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುವುದರಿಂದ ದಣಿದ ಮೀನು ಬೇಸಿಗೆಗಿಂತ ಸುಲಭವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಗಾಳಿ ಶೂನ್ಯಕ್ಕಿಂತ ಕೆಳಗಿರುವಾಗ ಮೇಲೆತ್ತಿ ಹಿಡಿದರೆ ಒದ್ದೆ ಕಿವಿರುಗಳು ಹೆಪ್ಪುಗಟ್ಟುತ್ತವೆ. ಆದ್ದರಿಂದ ಬಲ್ಲವರು ಮೀನನ್ನು ನೀರಿನಲ್ಲೇ, ಬಲೆಯೊಳಗೇ ಇಟ್ಟು ಕೊಕ್ಕೆ ಬಿಡಿಸುತ್ತಾರೆ.

ಮಿನ್ನೆಸೋಟ ರಾಜ್ಯವು 2015ರಲ್ಲಿ ಹೆಚ್ಚಿನ ನೀರುಗಳಿಗೆ ಕನಿಷ್ಠ ಅಳತೆಯನ್ನು 54 ಅಂಗುಲಕ್ಕೆ ಏರಿಸಿತು. ಅದಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. 2016ರಿಂದ ತೂಗದೆ, ಅಳೆದು ಬಿಟ್ಟ ಮೀನಿಗೂ ಅಲ್ಲಿ ದಾಖಲೆ ಕೊಡುತ್ತಾರೆ. ಆ ರಾಜ್ಯದ ತೂಕದ ದಾಖಲೆ 1957ರಿಂದ 54 ಪೌಂಡಿನಲ್ಲಿ ನಿಂತಿತ್ತು. 2021ರ ನವೆಂಬರ್ 22ರ ರಾತ್ರಿ, ಮಿಲ್ ಲ್ಯಾಕ್ಸ್ ಸರೋವರ ಹೆಪ್ಪುಗಟ್ಟಲು ಕೆಲವೇ ದಿನಗಳಿರುವಾಗ, ಒಬ್ಬ ಯುವಕನ ಗಾಳಕ್ಕೆ 57 ಮುಕ್ಕಾಲು ಅಂಗುಲದ ಮಸ್ಕಿ ಬಿತ್ತು. ಅವನಿಗೆ ಅದನ್ನು ಕೊಲ್ಲುವ ಇರಾದೆ ಇರಲಿಲ್ಲ. ಅವನೂ ಜೊತೆಗಾರರೂ ಆ ಚಳಿಯಲ್ಲಿ ಮೀನನ್ನು ನೀರಿನಲ್ಲಿ ಹಿಡಿದು ಸುಮಾರು ಒಂದು ಗಂಟೆ ಕಾಲ ಬದುಕಿಸಲು ಪ್ರಯತ್ನಿಸಿದರು. ಅದು ಚೇತರಿಸಿಕೊಳ್ಳಲಿಲ್ಲ. ಆಮೇಲಷ್ಟೇ ತಕ್ಕಡಿಯ ಯೋಚನೆ ಬಂದದ್ದು. ತೂಕ 55 ಪೌಂಡ್ 14.8 ಔನ್ಸ್ ಬಂದಿತು, 64 ವರ್ಷದ ದಾಖಲೆ ಮುರಿಯಿತು.