ವೆಲ್ಲೂರಿನ ದಾದಿಯರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಕಥೆ



ನೀವು ಕೋಲಾರ, ಕೆ.ಜಿ.ಎಫ್. ಅಥವಾ ಮುಳಬಾಗಿಲು ಕಡೆಯವರಾಗಿದ್ದರೆ ಈ ಮಾತನ್ನು ಎಂದಾದರೂ ಕೇಳಿಯೇ ಇರುತ್ತೀರಿ: “ಇಲ್ಲಿ ಆಗೋದಿಲ್ಲವಂತೆ, ವೆಲ್ಲೂರಿಗೆ ಕರಕೊಂಡು ಹೋಗಿ ಅಂದರು.” ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕಾಟ್ಪಾಡಿಯಲ್ಲಿ ಇಳಿದು, ಕಾಯಿಲೆಯವರ ಜೊತೆ ಒಂದು ಚೀಲ ಬಟ್ಟೆ, ಒಂದು ಫೈಲು ತುಂಬ ರಿಪೋರ್ಟು ಹಿಡಿದು ಹೋದ ಕುಟುಂಬಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಇತಿಹಾಸದ ಪಾಠದಲ್ಲಿ ವೆಲ್ಲೂರು ನಿಮಗೆ ಬೇರೆ ಕಾರಣಕ್ಕೆ ಪರಿಚಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನೂ ಪರಿವಾರದವರನ್ನೂ ಇಂಗ್ಲಿಷರು ಇಟ್ಟದ್ದು ಅಲ್ಲಿನ ಕೋಟೆಯಲ್ಲಿ. 1806ರಲ್ಲಿ ಸಿಪಾಯಿಗಳು ದಂಗೆ ಎದ್ದದ್ದೂ ಅದೇ ಕೋಟೆಯಲ್ಲಿ. ಇಂದು ನಾನು ಹೇಳಹೊರಟಿರುವುದು ಅದೇ ಊರಿನಲ್ಲಿ ನಡೆದ, ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಜಾಗ ಸಿಗದ, ಇನ್ನೊಂದು ಘಟನೆಯನ್ನು. 1946ರಲ್ಲಿ ಅಲ್ಲಿನ ಕ್ರೈಸ್ತ ಆಸ್ಪತ್ರೆಯೊಂದರ ಆವರಣದಲ್ಲಿ, ದಾದಿಯಾಗಲು ಬಂದ ಹುಡುಗಿಯರಿಗೆ ಮದರಾಸು ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿ ಕೊಡುವ ಚಿಕ್ಕ ಕಾಲೇಜೊಂದು ಆರಂಭವಾಯಿತು.

ಅದರಲ್ಲಿ ಅಂಥ ವಿಶೇಷವೇನು, ಇಂದು ಬೀದಿಗೊಂದು ನರ್ಸಿಂಗ್ ಕಾಲೇಜು ಇದೆಯಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಕಾದರೆ ಅದಕ್ಕೂ ಐವತ್ತು ವರ್ಷ ಹಿಂದೆ ಹೋಗಬೇಕು.

ಐಡಾ ಸೋಫಿಯಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ತಂದೆ ಜಾನ್ ಸ್ಕಡರ್ ಅಮೆರಿಕದ ಮಿಷನ್ನಿನ ವೈದ್ಯರು, ತಾತನೂ ವೈದ್ಯರೇ. ಮಗಳಿಗೆ ಮಾತ್ರ ಈ ಬಡತನ, ಬರ, ಕಾಯಿಲೆಗಳ ನಡುವೆ ಬದುಕುವ ಆಸೆ ಇರಲಿಲ್ಲ. ಅಮೆರಿಕದಲ್ಲಿ ಓದಿದಳು. ತಾಯಿಗೆ ಕಾಯಿಲೆ ಎಂಬ ಸುದ್ದಿ ಬಂದು, ಇಪ್ಪತ್ತರ ಹರೆಯದಲ್ಲಿ ಸ್ವಲ್ಪ ಕಾಲದ ಮಟ್ಟಿಗೆಂದು ತಿಂಡಿವನಕ್ಕೆ ಬಂದಳು. ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೆ ಒಬ್ಬರಂತೆ ಬಾಗಿಲು ತಟ್ಟಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಮತ್ತೊಬ್ಬ ಮೇಲ್ಜಾತಿಯ ಹಿಂದೂ. ಮೂವರದೂ ಒಂದೇ ಸಂಕಟ. ಮನೆಯಲ್ಲಿ ಹೆಂಡತಿ ಹೆರಿಗೆಯ ನೋವಿನಲ್ಲಿದ್ದಾಳೆ, ಸೂಲಗಿತ್ತಿಯ ಕೈ ಸೋತಿದೆ, ನೀವು ಬರಬೇಕು. ತಾನು ವೈದ್ಯಳಲ್ಲ, ತಂದೆಯವರು ಬರುತ್ತಾರೆ ಎಂದಳು ಐಡಾ. ಪರಪುರುಷ ಒಳಗೆ ಬರುವುದು ಮೂವರಿಗೂ ಒಪ್ಪಿಗೆಯಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅಲ್ಲಿಂದ ನೇರ ಡಾಕ್ಟರ್ ಐಡಾಳ ಸಾಧನೆಗೆ ಹೋಗಿಬಿಡುತ್ತಾರೆ. ನಾನು ನಿಮ್ಮನ್ನು ಆ ಮೂರು ಮನೆಗಳ ಬಾಗಿಲಲ್ಲೇ ಒಂದು ಗಳಿಗೆ ನಿಲ್ಲಿಸಬಯಸುತ್ತೇನೆ. ಅಲ್ಲಿ ಬೇಕಾಗಿದ್ದದ್ದು ವೈದ್ಯೆ ಮಾತ್ರವೇ? ಆ ರಾತ್ರಿ ವೈದ್ಯೆ ಬಂದಿದ್ದರೂ, ಆಕೆ ಹೊರಟ ಮೇಲೆ ಬಾಣಂತಿಯ ಜ್ವರ ನೋಡುವವರು ಯಾರು? ರಕ್ತಸ್ರಾವ ಹೆಚ್ಚಿದರೆ ಗುರುತಿಸುವವರು ಯಾರು? ಕೈ ತೊಳೆಯದೆ ಮಗುವಿನ ಹೊಕ್ಕುಳು ಮುಟ್ಟಬೇಡಿ ಎಂದು ಅತ್ತೆಗೆ ಹೇಳುವ ಧೈರ್ಯ ಯಾರಿಗೆ? ವೈದ್ಯರು ಬಂದು ಹೋಗುವವರು. ಹಗಲೂ ರಾತ್ರಿ ಪಕ್ಕದಲ್ಲಿ ಇರಬೇಕಾದವರು ಬೇರೆ.

ಐಡಾ ಅಮೆರಿಕಕ್ಕೆ ಮರಳಿ ವೈದ್ಯಶಾಸ್ತ್ರ ಓದಿ, 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದು, 1900ರ ಆರಂಭದಲ್ಲಿ ವೆಲ್ಲೂರಿಗೆ ಬಂದರು. ಮೊದಲು ಒಂದೇ ಹಾಸಿಗೆಯ ಚಿಕಿತ್ಸಾಲಯ. 1902ರಲ್ಲಿ ಅಮೆರಿಕದ ದಾನಿಯೊಬ್ಬರು ಪತ್ನಿಯ ನೆನಪಿಗೆ ಕೊಟ್ಟ 10,000 ಡಾಲರಿನಿಂದ 40 ಹಾಸಿಗೆಗಳ ಶೆಲ್ ಆಸ್ಪತ್ರೆ. ಹಾಸಿಗೆ ಬಂದವು, ರೋಗಿಗಳೂ ಬಂದರು. ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರು ಬೇಕಲ್ಲ? 1909ರಲ್ಲಿ ಡೀಲಿಯಾ ಹೌಟನ್ ಎಂಬ ದಾದಿಯ ಮುಂದಾಳ್ತನದಲ್ಲಿ ಅಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ಗಮನಿಸಿ: ವೈದ್ಯಕೀಯ ಶಾಲೆ ಬಂದದ್ದು ಅದಾದ ಒಂಬತ್ತು ವರ್ಷಗಳ ಮೇಲೆ, 1918ರಲ್ಲಿ. ವೆಲ್ಲೂರಿನಲ್ಲಿ ದಾದಿಯರ ಶಿಕ್ಷಣ ಹಿರಿಯದು, ವೈದ್ಯರ ಶಿಕ್ಷಣ ಕಿರಿಯದು.

ಆ ಶಾಲೆಗೆ ಯಾರು ಬಂದರು? ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬಹುಪಾಲು ಕ್ರೈಸ್ತ ಹುಡುಗಿಯರು. ಅವರಲ್ಲೂ ಬಡ ಮನೆಯವರು, ಅನಾಥರು, ವಿಧವೆಯರು. ದೇಶದ ಎಲ್ಲ ಕಡೆಯೂ ಹೀಗೆಯೇ ಇತ್ತು. ಮಲಮೂತ್ರ, ಕೀವು, ರಕ್ತ ಮುಟ್ಟುವ ಕೆಲಸ ನಮ್ಮ ಜಾತಿವ್ಯವಸ್ಥೆಯಲ್ಲಿ ಯಾರ ಪಾಲಿಗೆ ಬಿದ್ದಿತ್ತೆಂಬುದು ನಿಮಗೆ ಗೊತ್ತು. ಅದರ ಮೇಲೆ ರಾತ್ರಿ ಪಾಳಿ, ಅನ್ಯ ಗಂಡಸರ ಮೈ ಮುಟ್ಟುವುದು. ಮಾನವಂತರ ಮನೆಯ ಹೆಣ್ಣು ಮಾಡತಕ್ಕ ಕೆಲಸವಲ್ಲ ಎಂಬ ತೀರ್ಮಾನ ಬ್ರಾಹ್ಮಣರ ಕೇರಿಯಲ್ಲೂ ಇತ್ತು, ಒಕ್ಕಲಿಗರ ಹಟ್ಟಿಯಲ್ಲೂ ಇತ್ತು, ಮುಸಲ್ಮಾನರ ಮೊಹಲ್ಲಾದಲ್ಲೂ ಇತ್ತು. ತಮಾಷೆಯೆಂದರೆ, ಕಾಯಿಲೆ ಬಿದ್ದಾಗ ಅದೇ ಮನೆಯವರು ಆ ಹುಡುಗಿಯನ್ನು “ಸಿಸ್ಟರ್, ಸಿಸ್ಟರ್” ಎಂದು ಕೂಗುತ್ತಿದ್ದರು. ಅಕ್ಕ ಎಂದು ಕರೆಯಲು ನಾಲಿಗೆಗೆ ಅಡ್ಡಿಯಿಲ್ಲ. ತಮ್ಮ ಅಕ್ಕತಂಗಿಯರನ್ನು ಆ ಕೆಲಸಕ್ಕೆ ಕಳಿಸಲು ಮಾತ್ರ ಒಲ್ಲರು!

ಹೀಗಾದ್ದರಿಂದ ದೇಶದ ಲೆಕ್ಕವೇ ತಲೆಕೆಳಗಾಯಿತು. 1943ರಲ್ಲಿ ಸರ್ಕಾರ ನೇಮಿಸಿದ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಆರೋಗ್ಯ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಅದರ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯ. ಸುಮಾರು 43,000 ಜನರಿಗೆ ಒಬ್ಬ ದಾದಿ. ಅದೇ ಕಾಲದ ಬ್ರಿಟನ್ನಿನಲ್ಲಿ ಸುಮಾರು 300 ಜನರಿಗೆ ಒಬ್ಬ ದಾದಿ ಇದ್ದಳು. ಸಾಮಾನ್ಯವಾಗಿ ಒಬ್ಬ ವೈದ್ಯನಿಗೆ ಹಲವು ದಾದಿಯರು ಇರಬೇಕು. ನಮ್ಮಲ್ಲಿ ಒಬ್ಬ ದಾದಿಗೆ ಹೆಚ್ಚುಕಡಿಮೆ ಏಳು ವೈದ್ಯರು! ಎಷ್ಟು ಗಾಡಿಗಳಿದ್ದೇನು, ಎತ್ತೇ ಇಲ್ಲದ ಮೇಲೆ? ಆಸ್ಪತ್ರೆಯ ಜಗಲಿಯಲ್ಲಿ ಒಲೆ ಹೂಡಿ ಗಂಜಿ ಕಾಯಿಸುತ್ತ, ರಾತ್ರಿಯೆಲ್ಲ ಬೀಸಣಿಗೆ ಬೀಸುತ್ತ ಕೂತಿರುತ್ತಿದ್ದ ತಾಯಂದಿರು, ಸೊಸೆಯರು, ಅವರೇ ಈ ದೇಶದ ಲೆಕ್ಕಕ್ಕೆ ಸಿಗದ ದಾದಿಯರು.

ಸಂಬಳ ಹೆಚ್ಚಿಸಿದರೆ ಹುಡುಗಿಯರು ಬಂದಾರು ಎಂದು ನೀವು ಹೇಳಬಹುದು. ಸ್ವಲ್ಪ ಮಟ್ಟಿಗೆ ನಿಜ. ಆದರೆ ಕೊರತೆ ಇದ್ದದ್ದು ಹಣದ್ದಷ್ಟೇ ಅಲ್ಲ, ಮರ್ಯಾದೆಯದು. ಆ ಕಾಲದಲ್ಲಿ ಮಗಳು ಬಿ.ಎ. ಓದುತ್ತಿದ್ದಾಳೆ ಎಂದರೆ ಊರಿನಲ್ಲಿ ಅದಕ್ಕೊಂದು ತೂಕ. ನರ್ಸ್ ಟ್ರೈನಿಂಗ್‌ಗೆ ಹೋಗಿದ್ದಾಳೆ ಎಂದರೆ ನೆಂಟರಿಷ್ಟರ ಮುಂದೆ ತಗ್ಗಿದ ದನಿ. ಶಾಲೆಯಲ್ಲಿ ಕಲಿತ ದಾದಿಗೆ ಸಿಗುತ್ತಿದ್ದದ್ದು ಪರೀಕ್ಷಾ ಮಂಡಲಿಯ ಪ್ರಮಾಣಪತ್ರ. ಮದರಾಸು ಪ್ರಾಂತದಲ್ಲಿ 1926ರ ಕಾಯ್ದೆಯ ನಂತರ ಆಕೆಯ ಹೆಸರು ಸರ್ಕಾರದ ರಿಜಿಸ್ಟರಿನಲ್ಲಿ ಸೇರುತ್ತಿತ್ತು, ಅದೊಂದು ದೊಡ್ಡ ಹೆಜ್ಜೆಯೇ. ಆದರೂ ವಿಶ್ವವಿದ್ಯಾಲಯದ ಕಣ್ಣಿನಲ್ಲಿ ಆಕೆ ಓದಿದವಳಲ್ಲ.

ವೆಲ್ಲೂರಿಗೆ ಈ ಪಾಠ ಮೊದಲು ವೈದ್ಯಕೀಯದ ಕಡೆಯಿಂದ ಬಂತು. 1918ರ ಶಾಲೆ ಹೆಣ್ಣುಮಕ್ಕಳಿಗೆ ಎಲ್.ಎಂ.ಪಿ. ಎಂಬ ಡಿಪ್ಲೊಮಾ ಕೊಡುತ್ತಿತ್ತು. 1922ರಲ್ಲಿ ಮೊದಲ ತಂಡದ 14 ಹುಡುಗಿಯರೂ ತೇರ್ಗಡೆಯಾಗಿ ಪ್ರಾಂತದಲ್ಲಿ ಹೆಸರು ಮಾಡಿದ್ದರು. 1930ರ ದಶಕದ ಕೊನೆಗೆ ಮದರಾಸು ಸರ್ಕಾರ, ಇನ್ನು ಈ ಡಿಪ್ಲೊಮಾ ಬೇಡ, ವೈದ್ಯರಾಗುವವರು ವಿಶ್ವವಿದ್ಯಾಲಯದ ಪದವಿಯನ್ನೇ ಪಡೆಯಬೇಕು ಎಂದಿತು. ಶಾಲೆ ಮುಚ್ಚಬೇಕು, ಇಲ್ಲವೇ ಕಾಲೇಜಾಗಬೇಕು. ಎಪ್ಪತ್ತು ದಾಟಿದ ಐಡಾ ಸ್ಕಡರ್ ಯುದ್ಧಕಾಲದಲ್ಲಿ ಅಮೆರಿಕಕ್ಕೆ ಹೋಗಿ, ಊರೂರು ಅಲೆದು ಹಣ ಕೂಡಿಸಿದರು. 1942ರಲ್ಲಿ ವೆಲ್ಲೂರಿಗೆ ಎಂ.ಬಿ.ಬಿ.ಎಸ್. ಬಂತು. ಪದವಿ ಎಂಬುದು ಬರಿಯ ಕಾಗದವಲ್ಲ. ಅದರ ಹಿಂದೆ ಗ್ರಂಥಾಲಯ, ಪ್ರಯೋಗಶಾಲೆ, ಇಷ್ಟು ಹಾಸಿಗೆ, ಇಷ್ಟು ಅಧ್ಯಾಪಕರು ಎಂಬ ಕರಾರು ಇರುತ್ತದೆ ಎಂಬುದನ್ನು ಸಂಸ್ಥೆ ಕಷ್ಟಪಟ್ಟು ಕಲಿತಿತ್ತು.

ಹಾಗಾದರೆ ದಾದಿಗೇಕೆ ಪದವಿ ಇರಬಾರದು? ಈ ಪ್ರಶ್ನೆಯನ್ನು ಹಿಡಿದು ನಿಂತವರಲ್ಲಿ ಆಸ್ಪತ್ರೆಯ ದಾದಿಯರ ಮುಖ್ಯಸ್ಥೆ ವೆರಾ ಪಿಟ್‌ಮನ್ ಒಬ್ಬರು. 1946ರಲ್ಲಿ ನರ್ಸಿಂಗ್ ಕಾಲೇಜು ಆರಂಭವಾಯಿತು, ಮದರಾಸು ವಿಶ್ವವಿದ್ಯಾಲಯದ ಸಂಯೋಜನೆ ದೊರೆಯಿತು. ಅದೇ ವರ್ಷ ದೆಹಲಿಯಲ್ಲಿ ಸರ್ಕಾರದ್ದೂ ಒಂದು ನರ್ಸಿಂಗ್ ಕಾಲೇಜು ತೆರೆಯಿತು. ಈಗ ಅದಕ್ಕೆ ರಾಜಕುಮಾರಿ ಅಮೃತ ಕೌರ್ ಹೆಸರಿದೆ. ಉತ್ತರದಲ್ಲಿ ಸರ್ಕಾರ, ದಕ್ಷಿಣದಲ್ಲಿ ಮಿಷನ್ ಆಸ್ಪತ್ರೆ. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ವರ್ಷವಿರುವಾಗ ಈ ಎರಡು ಬಾಗಿಲು ತೆರೆದವು. ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂದದ್ದು ಮರುವರ್ಷ, 1947ರಲ್ಲಿ.

ಪದವಿಯ ಓದು ನಾಲ್ಕು ವರ್ಷದ್ದು. ಶರೀರರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಆಹಾರಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಾರ್ವಜನಿಕ ಆರೋಗ್ಯ, ಇವೆಲ್ಲ ಪದವಿಯ ದಾದಿ ಓದಬೇಕಾದ ವಿಷಯಗಳು. ಜೊತೆಗೆ ವಾರ್ಡಿನಲ್ಲಿ ದುಡಿಮೆ. ಬೆಡ್‌ಪ್ಯಾನ್ ತೊಳೆಯುವವಳಿಗೆ ಸಮಾಜಶಾಸ್ತ್ರ ಏಕೆ ಎಂಬ ಕೊಂಕು ಇಂದಿಗೂ ಕೇಳಿಬರುತ್ತದೆ. ಓದಿದವರು ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬ ದೂರೂ ಇದೆ. ಅದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಪದವೀಧರರಾದೊಡನೆ ವಾರ್ಡು ಬಿಟ್ಟು ಪಾಠಕ್ಕೋ ಆಡಳಿತಕ್ಕೋ ಹೋಗಿಬಿಡುವ ಚಾಳಿ ನಮ್ಮ ದೇಶದಲ್ಲಿ ಉಂಟು. ವೆಲ್ಲೂರು ಇದಕ್ಕೆ ತನ್ನದೇ ಮದ್ದು ಹುಡುಕಿತು: ಪಾಠ ಹೇಳುವವರೇ ವಾರ್ಡಿನ ಸೇವೆಯ ಹೊಣೆಯನ್ನೂ ಹೊರಬೇಕು. ಬೆಳಗ್ಗೆ ತರಗತಿಯಲ್ಲಿ ಹೇಳಿದ್ದನ್ನು ಮಧ್ಯಾಹ್ನ ಹಾಸಿಗೆಯ ಪಕ್ಕದಲ್ಲಿ ಮಾಡಿ ತೋರಿಸದಿದ್ದರೆ ಹುಡುಗಿಯರು ಕಣ್ಣಲ್ಲೇ ಕೇಳುತ್ತಾರೆ. ನನ್ನ ಮಟ್ಟಿಗೆ ಆ ಕಾಲೇಜಿನ ದೊಡ್ಡ ಕೊಡುಗೆ ಬಿ.ಎಸ್‌ಸಿ. ಅಕ್ಷರಗಳಿಗಿಂತ ಈ ಏರ್ಪಾಡು.

ಆ ಓದು ಎಷ್ಟು ಬೇಗ ಬೇಕಾಯಿತೆಂಬುದನ್ನು ನೋಡಿ. 1949ರಲ್ಲಿ ಡಾ. ಜೇಕಬ್ ಚಾಂಡಿ ಅಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ತೆರೆದರು. ದೇಶದಲ್ಲೇ ಅದು ಮೊದಲನೆಯದು. 1946ರಲ್ಲೇ ಬಂದಿದ್ದ ಡಾ. ಪಾಲ್ ಬ್ರಾಂಡ್ ಕುಷ್ಠರೋಗದಿಂದ ಮುದುಡಿದ ಕೈಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸತೊಡಗಿದರು. ಮುಂದೆ ತೆರೆದ ಹೃದಯದ ಶಸ್ತ್ರಚಿಕಿತ್ಸೆಯೂ ನಡೆಯಿತು. ಪತ್ರಿಕೆಗಳಲ್ಲಿ ಶಸ್ತ್ರವೈದ್ಯರ ಹೆಸರು ಬರುತ್ತದೆ, ಬರಲಿ. ತಲೆಬುರುಡೆ ತೆರೆದು ಮುಚ್ಚಿದ ರೋಗಿಯ ಕಣ್ಣಪಾಪೆ ನಡುರಾತ್ರಿ ಹಿಗ್ಗಿದ್ದನ್ನು ಕಂಡು, ಅದರ ಅರ್ಥವೇನೆಂದು ತಿಳಿದು, ಆ ಕ್ಷಣವೇ ವೈದ್ಯರನ್ನು ಎಬ್ಬಿಸಬೇಕಾದವಳು ಯಾರು? ಸ್ಪರ್ಶವೇ ಇಲ್ಲದ ಕುಷ್ಠರೋಗಿಯ ಬೆರಳಿಗೆ ಪಟ್ಟಿ ಬಿಗಿಯಾದರೆ ಅವನಿಗೆ ನೋವೇ ಗೊತ್ತಾಗದು. ಚರ್ಮದ ಬಣ್ಣ ನೋಡಿ ತಿಳಿಯಬೇಕಾದವಳು ದಾದಿ. ಅದಕ್ಕೆ ಕರುಣೆಯೊಂದೇ ಸಾಲದು, ಶರೀರಶಾಸ್ತ್ರ ಬೇಕು.

ಹಾಗೆಂದು ಪದವಿಯೊಂದೇ ಜ್ಞಾನ ಎಂದು ನಾನು ಹೇಳುತ್ತಿಲ್ಲ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಸಾವಿರಾರು ಹೆರಿಗೆ ಮಾಡಿಸಿದರು, ಕಾಸು ಕೇಳಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆದರೆ ತಿಂಡಿವನದ ಆ ರಾತ್ರಿಯ ಮನೆಗಳಲ್ಲೂ ಅನುಭವಸ್ಥ ಸೂಲಗಿತ್ತಿಯರು ಇದ್ದಿರಬೇಕು. ಕೈಯ ಅನುಭವ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಕ್ಕೆ ಏನೆಂಬುದೇ ಪ್ರಶ್ನೆ.

ಕಾಲೇಜು ಮುಂದೆ ಬೆಳೆಯಿತು. 1947ರಲ್ಲಿ ವೈದ್ಯಕೀಯ ತರಗತಿಗಳಿಗೆ ಗಂಡುಹುಡುಗರೂ ಬಂದರು. ಚರ್ಚುಗಳು ಶಿಫಾರಸು ಮಾಡಿ ಕಳಿಸಿದ ವಿದ್ಯಾರ್ಥಿಗಳು ಓದು ಮುಗಿಸಿ ಹಳ್ಳಿಗಾಡಿನ ಮಿಷನ್ ಆಸ್ಪತ್ರೆಗಳಲ್ಲಿ ನಿಗದಿತ ಕಾಲ ದುಡಿಯಬೇಕೆಂಬ ಕರಾರು ಅಲ್ಲಿನ ಪದ್ಧತಿಯಾಯಿತು. ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ತರಗತಿ ದೆಹಲಿಯಲ್ಲಿ 1959ರಲ್ಲಿ ಆರಂಭವಾಗಿ, ನಂತರ ವೆಲ್ಲೂರಿಗೂ ಬಂತು. ಕಾಲೇಜಿನ ದಾದಿಯರೇ ಸುತ್ತಲಿನ ಹಳ್ಳಿಗಳಿಗೆ ಹೋಗಿ ಗರ್ಭಿಣಿಯರನ್ನೂ ಕೂಸುಗಳನ್ನೂ ನೋಡಿಕೊಳ್ಳುವ ಸಮುದಾಯ ಆರೋಗ್ಯ ಯೋಜನೆಯೊಂದು ಬೇರೂರಿತು. ಈಗ ಅದು ತಮಿಳುನಾಡಿನ ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ; ನಮ್ಮಲ್ಲಿ 1996ರಿಂದ ನರ್ಸಿಂಗ್ ಕಾಲೇಜುಗಳಿಗೆ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 2023ರಲ್ಲಿ ಸಂಸತ್ತು 1947ರ ಹಳೆಯ ಕಾಯ್ದೆಯ ಸ್ಥಾನದಲ್ಲಿ ಹೊಸದೊಂದನ್ನು ಅಂಗೀಕರಿಸಿತು.

ಈ ನಡುವೆ ಇನ್ನೊಂದು ಸಂಗತಿ ನಡೆದಿದೆ. ಯಾವ ಕೆಲಸಕ್ಕೆ ಮಗಳನ್ನು ಕಳಿಸಲು ಹಿಂಜರಿಯುತ್ತಿದ್ದರೋ ಅದೇ ಕೆಲಸದ ಸೀಟಿಗಾಗಿ ಇಂದು ಎಲ್ಲ ಜಾತಿಮತದ ಮನೆಯವರು ಸಾಲ ಮಾಡುತ್ತಾರೆ. ಕೊಲ್ಲಿ ದೇಶಗಳಲ್ಲಿ, ಯುರೋಪಿನಲ್ಲಿ ನಮ್ಮ ದಾದಿಯರಿಗೆ ಬೇಡಿಕೆ ಇದೆ. ಕೇರಳದ ಎಷ್ಟೋ ಮನೆಗಳು ಎದ್ದದ್ದು ಅವರ ದುಡಿಮೆಯಿಂದ. ಆದರೆ ನಿಮ್ಮ ಊರಿನ ಆಸ್ಪತ್ರೆಯಲ್ಲಿ ಹೇಗಿದೆ? ಒಮ್ಮೆ ರಾತ್ರಿ ಪಾಳಿಯ ಹೊತ್ತಿಗೆ ಹೋಗಿ ಎಣಿಸಿ ನೋಡಿ: ಎಷ್ಟು ಹಾಸಿಗೆಗೆ ಎಷ್ಟು ಜನ ದಾದಿಯರು ಎಂದು. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಮಲಗಿದ್ದ ಒಂದು ವಾರ್ಡಿನಲ್ಲಿ ಮೂವತ್ತೆಂಟು ಹಾಸಿಗೆ, ಒಬ್ಬಳೇ ಹುಡುಗಿ. ಪಕ್ಕದ ಹಾಸಿಗೆಯ ಅಜ್ಜಿಯ ಮೊಮ್ಮಗ ಔಷಧ ತಡವಾಯಿತೆಂದು ಅವಳ ಮೇಲೆ ರೇಗಿದ. ಅವಳು ಉತ್ತರ ಕೊಡದೆ ಡ್ರಿಪ್ ಸರಿಮಾಡಿ, ಗಡಿಯಾರ ನೋಡಿ, ಚೀಟಿಯಲ್ಲಿ ಏನೋ ಬರೆದು, ಮುಂದಿನ ಹಾಸಿಗೆಗೆ ಹೋದಳು. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಅವಳ ಹೆಸರಿನ ಪಕ್ಕ ಬಿ.ಎಸ್‌ಸಿ. ಎಂದು ಬರೆದಿತ್ತು.