ಖಾಲಿ ಲೇನಿನ ಬೆಲೆ

ಮುಂದಿನ ಕಾರಿನ ಬಂಪರ್ ನೋಡಿಯೇ ಅದರ ಹೊಟ್ಟೆಯೊಳಗೆ ಎಂಥ ಎಂಜಿನ್ ಇದೆ ಎಂದು ಹೇಳಿಬಿಡಬಹುದಾದ ಕಾಲವೊಂದು ಕ್ಯಾಲಿಫೋರ್ನಿಯಾದ ಫ್ರೀವೇಗಳಲ್ಲಿತ್ತು. ಬಿಳಿ ಸ್ಟಿಕ್ಕರ್ ಇದ್ದರೆ ಬ್ಯಾಟರಿ ಇಲ್ಲವೇ ಸಿಎನ್‌ಜಿ. ಹಳದಿಯಾದರೆ ಹೈಬ್ರಿಡ್. ಹಸಿರಾದರೆ ಪ್ಲಗ್ ಹಾಕಿ ಚಾರ್ಜ್ ಮಾಡಬಹುದಾದ ಹೈಬ್ರಿಡ್. 2018ರಿಂದಾಚೆಗೆ ಕೆಂಪು, ನೇರಳೆ, ಕಿತ್ತಳೆ, ನೀಲಿ ಎಂದು ಬಣ್ಣಗಳ ಮೆರವಣಿಗೆಯೇ ಶುರುವಾಯಿತು. ಬಣ್ಣ ಯಾವುದಾದರೂ ಅದು ಕೊಡುತ್ತಿದ್ದ ಹಕ್ಕು ಒಂದೇ: ಕಾರಿನಲ್ಲಿ ನೀವೊಬ್ಬರೇ ಇದ್ದರೂ, ಹೆಚ್ಚು ಜನರಿರುವ ಕಾರುಗಳಿಗೆ ಮೀಸಲಾದ ಕಾರ್‌ಪೂಲ್ ಲೇನಿನಲ್ಲಿ ಹೋಗಬಹುದು. 2025ರ ಸೆಪ್ಟೆಂಬರ್ 30ಕ್ಕೆ ಉಳಿದಿದ್ದ ಬಣ್ಣಗಳೆಲ್ಲವೂ ಒಟ್ಟಿಗೆ ಬೆಲೆ ಕಳೆದುಕೊಂಡವು. ಆ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳ ಮೇಲೆ ಚಾಲ್ತಿಯಲ್ಲಿದ್ದ ಸ್ಟಿಕ್ಕರುಗಳಿದ್ದವು.

ಇದನ್ನು ಪರಿಸರ ನೀತಿಯ ಚರಿತ್ರೆ ಎಂದು ಬರೆಯುವುದು ರೂಢಿ. ನನಗೆ ಇದು ರಸ್ತೆಯ ಜಾಗವನ್ನೇ ನಾಣ್ಯವಾಗಿ ಚಲಾಯಿಸಿದ ಕಥೆಯಾಗಿ ಕಾಣುತ್ತದೆ. ಖಜಾನೆಯಿಂದ ದುಡ್ಡು ತೆಗೆಯದೆ ಜನರಿಗೆ ಏನನ್ನಾದರೂ ಕೊಡಬೇಕೆಂದಾಗ ಸರ್ಕಾರದ ಕೈಗೆ ಸುಲಭವಾಗಿ ಸಿಕ್ಕಿದ್ದು ಎಡಗಡೆಯ ಆ ಲೇನು.

ಲೇನು ಹುಟ್ಟಿದಾಗ ಹೊಗೆಯ ಮಾತು ಮುಂದಿರಲಿಲ್ಲ, ಜನರ ಎಣಿಕೆ ಇತ್ತು. 1969ರಲ್ಲಿ ವಾಷಿಂಗ್ಟನ್ನಿನ ದಕ್ಷಿಣಕ್ಕೆ, ವರ್ಜೀನಿಯಾದ ಶರ್ಲಿ ಹೆದ್ದಾರಿಯಲ್ಲಿ ಬಸ್ಸುಗಳಿಗೆಂದೇ ಪ್ರತ್ಯೇಕ ದಾರಿ ಬಿಟ್ಟರು. 1973ರಲ್ಲಿ ನಾಲ್ಕು ಜನರಿರುವ ಕಾರುಗಳಿಗೂ ಅಲ್ಲಿ ಪ್ರವೇಶ ಸಿಕ್ಕಿತು. ಅದೇ ವರ್ಷ ಅರಬ್ ದೇಶಗಳು ತೈಲ ನಿಲ್ಲಿಸಿದ್ದರಿಂದ ಒಂದೇ ಕಾರಿನಲ್ಲಿ ಕೂಡಿ ಹೋಗುವುದು ದೇಶಭಕ್ತಿಯ ಕೆಲಸವೂ ಆಯಿತು. ಪಶ್ಚಿಮ ತೀರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಓಕ್ಲೆಂಡ್ ನಡುವಿನ ಬೇ ಬ್ರಿಡ್ಜ್‌ನ ಟೋಲ್ ಗೇಟಿನ ಬಳಿ 1970ರ ದಶಕದ ಆರಂಭದಲ್ಲೇ ಬಸ್ಸು ಮತ್ತು ಕಾರ್‌ಪೂಲ್‌ಗಳಿಗೆ ಬೇರೆ ಸಾಲು ಮಾಡಿದ್ದರು.

ಈ ಏರ್ಪಾಡಿನ ಸುತ್ತ ಜನ ಕಟ್ಟಿಕೊಂಡ ಪದ್ಧತಿ ಎಂಜಿನಿಯರುಗಳ ಕಲ್ಪನೆಯನ್ನೂ ಮೀರಿಸಿತು. ವರ್ಜೀನಿಯಾದಲ್ಲಿ ತಲೆ ಲೆಕ್ಕ ತುಂಬಿಸಲು ಕಾರಿನವರು ಬಸ್ ಸ್ಟಾಪಿನ ಬಳಿ ನಿಲ್ಲಿಸಿ, ಸಾಲಿನಲ್ಲಿ ನಿಂತ ಅಪರಿಚಿತರನ್ನು ಹತ್ತಿಸಿಕೊಳ್ಳತೊಡಗಿದರು. ಹತ್ತುವವರಿಗೆ ಪುಕ್ಕಟೆ ಸವಾರಿ, ಓಡಿಸುವವರಿಗೆ ಖಾಲಿ ಲೇನು. ಇಬ್ಬರ ನಡುವೆ ಹಣದ ಮಾತಿಲ್ಲ, ಹೆಚ್ಚು ಮಾತೇ ಇಲ್ಲ. ಹೀಗೆ ಹತ್ತುವವರನ್ನು ಅಲ್ಲಿ ‘ಸ್ಲಗ್’ ಎನ್ನುತ್ತಾರೆ. ಓಕ್ಲೆಂಡ್, ಬರ್ಕ್ಲಿ ಕಡೆಯಿಂದ ಬೇ ಬ್ರಿಡ್ಜ್ ದಾಟುವವರಲ್ಲೂ ಇಂಥದ್ದೇ ಪದ್ಧತಿ ಬೆಳೆಯಿತು. ಯಾವ ಇಲಾಖೆಯೂ ನಡೆಸದ ಈ ಸಾರಿಗೆ ವ್ಯವಸ್ಥೆ ದಶಕಗಳ ಕಾಲ ನಡೆಯಿತು.

ಲಾಸ್ ಏಂಜಲೀಸಿನಲ್ಲಿ ಮಾತ್ರ ಕೈ ಸುಟ್ಟಿತು. 1976ರ ಮಾರ್ಚ್‌ನಲ್ಲಿ ಸ್ಯಾಂಟಾ ಮೋನಿಕಾ ಫ್ರೀವೇಯಲ್ಲಿ ಹೊಸ ಲೇನು ಕಟ್ಟುವ ಬದಲು, ಇದ್ದ ಲೇನುಗಳಲ್ಲೇ ಎರಡೂ ದಿಕ್ಕಿಗೆ ಒಂದೊಂದನ್ನು ಕಿತ್ತುಕೊಂಡು ಮೂವರಿರುವ ಕಾರುಗಳಿಗೆ ಮೀಸಲಿಟ್ಟರು. ಉಳಿದ ಲೇನುಗಳಲ್ಲಿ ಸಿಕ್ಕಿಬಿದ್ದವರು ರೊಚ್ಚಿಗೆದ್ದರು. ಪರಿಸರ ಪರಿಣಾಮದ ವರದಿ ಸರಿಯಾಗಿ ಮಾಡಿಲ್ಲವೆಂದು ನ್ಯಾಯಾಲಯ ಅದನ್ನು ನಿಲ್ಲಿಸಿತು. 21 ವಾರಕ್ಕೆ ಪ್ರಯೋಗ ಮುಗಿಯಿತು. ಅಲ್ಲಿಂದ ಮುಂದೆ ಕ್ಯಾಲಿಫೋರ್ನಿಯಾದ ಎಂಜಿನಿಯರುಗಳು ಇದ್ದ ಲೇನಿಗೆ ಕೈ ಹಾಕಲು ಹೆದರಿ, ಹೊಸದಾಗಿ ಸೇರಿಸಿದ ಲೇನನ್ನಷ್ಟೇ ಕಾರ್‌ಪೂಲ್‌ಗೆ ಕೊಡುವ ಹಾದಿ ಹಿಡಿದರು. (ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2019ರಲ್ಲಿ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಬಸ್ಸಿಗೆಂದು ಲೇನು ಬಿಟ್ಟಾಗ ಕಾರಿನವರು ಆಡಿದ ಮಾತುಗಳನ್ನು ನೆನೆಸಿಕೊಂಡರೆ ಆ ಸಿಟ್ಟಿನ ಬಗೆ ನಮಗೇನೂ ಹೊಸತಲ್ಲ.)

ಹೊಸ ಲೇನಿಗೂ ಒಂದು ಕಾಟವಿತ್ತು: ಅದು ಖಾಲಿ ಕಾಣುತ್ತಿತ್ತು. ಸರಾಗವಾಗಿ ಓಡುವ ಲೇನು ನಿಂತವರ ಕಣ್ಣಿಗೆ ಯಾವಾಗಲೂ ಖಾಲಿಯೇ. ನ್ಯೂಜೆರ್ಸಿಯಲ್ಲಿ ಈ ದೂರು ಎಷ್ಟು ಜೋರಾಯಿತೆಂದರೆ 1998ರ ಕೊನೆಗೆ ಐ-287ರ ಕಾರ್‌ಪೂಲ್ ಲೇನನ್ನು ಎಲ್ಲರಿಗೂ ತೆರೆದುಬಿಟ್ಟರು. ಇಂಥ ದೂರಿನಿಂದ ಪಾರಾಗಲು ರಾಜಕಾರಣಿಗಳಿಗೆ ಎರಡು ದಾರಿ ಕಂಡವು. ಒಂದು, ಉಳಿದ ಜಾಗವನ್ನು ಮಾರುವುದು. ಇನ್ನೊಂದು, ಅದನ್ನು ಒಳ್ಳೆಯ ಕೆಲಸಕ್ಕೆ ಬಹುಮಾನವಾಗಿ ಹಂಚುವುದು. ಮುಂದಿನ ಕಾಲು ಶತಮಾನದ ಕಥೆಯೆಲ್ಲ ಈ ಎರಡು ದಾರಿಗಳ ತಿಕ್ಕಾಟ.

ಹಂಚುವ ದಾರಿಯನ್ನು ಮೊದಲು ನೋಡೋಣ. ಟೊಯೋಟಾ ಪ್ರಿಯಸ್ ಜಪಾನಿನಲ್ಲಿ 1997ರ ಡಿಸೆಂಬರಿಗೇ ಬಂದಿತ್ತು, ಅಮೆರಿಕಕ್ಕೆ ಬಂದದ್ದು 2000ದಲ್ಲಿ. ಅದಕ್ಕೆ ತುಸು ಮುಂಚೆ ಹೋಂಡಾ ಇನ್‌ಸೈಟ್ ಕಾಲಿಟ್ಟಿತ್ತು, ಎರಡೇ ಸೀಟಿನ ಕಾರು. ವರ್ಜೀನಿಯಾ ‘ಸ್ವಚ್ಛ ಇಂಧನ’ದ ನಂಬರ್ ಪ್ಲೇಟನ್ನು ಹೈಬ್ರಿಡ್‌ಗಳಿಗೂ ಕೊಟ್ಟು ಬೇಗನೆ ಬಾಗಿಲು ತೆರೆಯಿತು. ಅಪರಿಚಿತರನ್ನು ಹತ್ತಿಸಿಕೊಂಡು ಹೋಗುತ್ತಿದ್ದ ಅದೇ ರಸ್ತೆಯಲ್ಲಿ ಒಬ್ಬೊಬ್ಬರೇ ಕೂತ ಪ್ರಿಯಸ್‌ಗಳ ಸಾಲು ಬೆಳೆಯಿತು. ನ್ಯೂಯಾರ್ಕ್ 2006ರಲ್ಲಿ ಲಾಂಗ್ ಐಲೆಂಡ್ ಎಕ್ಸ್‌ಪ್ರೆಸ್‌ವೇಯಲ್ಲಿ ‘ಕ್ಲೀನ್ ಪಾಸ್’ ಶುರುಮಾಡಿತು. ಆದರೆ ಈ ಪ್ರಯೋಗ ದೊಡ್ಡದಾಗಿ ನಡೆದದ್ದು ಕ್ಯಾಲಿಫೋರ್ನಿಯಾದಲ್ಲೇ.

ಶಾಸಕಿ ಫ್ರಾನ್ ಪೇವ್ಲಿ ತಂದ ಮಸೂದೆಗೆ 2004ರಲ್ಲಿ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ಸಹಿ ಹಾಕಿದರು. ಹಮ್ಮರ್ ಪ್ರಿಯರೆಂದೇ ಹೆಸರಾದವರ ಕೈಯಿಂದ ಹೈಬ್ರಿಡ್‌ಗೆ ವರ. ಕೇಂದ್ರದ ಹಣದಿಂದ ಕಟ್ಟಿದ ರಸ್ತೆಯಾದ್ದರಿಂದ ವಾಷಿಂಗ್ಟನ್ ಒಪ್ಪಬೇಕಿತ್ತು. ಆ ಒಪ್ಪಿಗೆ 2005ರ ಆಗಸ್ಟ್‌ನಲ್ಲಿ ಹೆದ್ದಾರಿ ಕಾಯ್ದೆಯೊಳಗೆ ಬಂತು. ಷರತ್ತು: ಗ್ಯಾಲನ್ನಿಗೆ 45 ಮೈಲಿ, ಅಂದರೆ ಲೀಟರಿಗೆ ಸುಮಾರು 19 ಕಿಲೋಮೀಟರ್ ಮೈಲೇಜ್, ಜೊತೆಗೆ ಹೊಗೆಯ ಕಟ್ಟುನಿಟ್ಟು. ಇದಕ್ಕೆ ಹೊಂದಿದ್ದು ಪ್ರಿಯಸ್, ಸಿವಿಕ್ ಹೈಬ್ರಿಡ್, ಇನ್‌ಸೈಟ್ ಮೂರೇ. ಮೂರೂ ಜಪಾನಿ ಕಂಪನಿಗಳವು. ತನ್ನ ಎಸ್ಕೇಪ್ ಹೈಬ್ರಿಡ್ ಹೊರಗುಳಿದದ್ದಕ್ಕೆ ಫೋರ್ಡ್ ಸಿಡಿಮಿಡಿಗೊಂಡಿತು.

ಮೊದಲು 75,000, ಆಮೇಲೆ 10,000 ಸೇರಿಸಿ ಒಟ್ಟು 85,000 ಹಳದಿ ಸ್ಟಿಕ್ಕರ್. ಒಂದಕ್ಕೆ 8 ಡಾಲರ್ ಶುಲ್ಕ. 2007ರ ಫೆಬ್ರವರಿಗೆ ಎಲ್ಲ ಮುಗಿದವು. ಅಲ್ಲಿಂದ ಸ್ಟಿಕ್ಕರ್ ಅಂಟಿಸಿದ ಹಳೆಯ ಪ್ರಿಯಸ್‌ಗೆ ಬೇರೆಯೇ ದರ. ಸೆಕೆಂಡ್ ಹ್ಯಾಂಡ್ ಮಾರಾಟದ ಬೆಲೆಗಳನ್ನು ಹೋಲಿಸಿದ ಅರ್ಥಶಾಸ್ತ್ರಜ್ಞರಾದ ಶ್ಯೂಮೇಕ್ ಮತ್ತು ಜಾರ್ವಿಸ್, ಸ್ಟಿಕ್ಕರ್ ಒಂದರಿಂದಲೇ ಕಾರಿನ ಬೆಲೆ ಸುಮಾರು 3,200 ಡಾಲರ್ ಏರಿತ್ತೆಂದು ಕಂಡುಕೊಂಡರು. ಸ್ಥೂಲವಾಗಿ ಗುಣಿಸಿ ನೋಡಿ: 27 ಕೋಟಿ ಡಾಲರ್ ಬೆಲೆಬಾಳುವ ವಸ್ತುವನ್ನು ರಾಜ್ಯ ಏಳು ಲಕ್ಷ ಡಾಲರೂ ಆಗದ ಶುಲ್ಕಕ್ಕೆ ಕೊಟ್ಟಿತ್ತು. ಬಂಪರಿನಿಂದ ಸ್ಟಿಕ್ಕರ್ ಕದಿಯುವವರು ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ಇಲ್ಲಿ ತಂತ್ರಜ್ಞಾನದ ಒಂದು ವಿಚಿತ್ರವನ್ನು ಹೇಳಲೇಬೇಕು. ಹೈಬ್ರಿಡ್‌ನ ಜಾಣತನವೆಲ್ಲ ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ. ನಿಂತಾಗ ಎಂಜಿನ್ ಆಫ್, ತೆವಳುವಾಗ ಮೋಟಾರ್, ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ. ಒಂದೇ ವೇಗದಲ್ಲಿ ಗಾಳಿ ಸೀಳುತ್ತ ಹೋಗುವಾಗ ಈ ಅನುಕೂಲ ಕರಗುತ್ತದೆ. 2004ರ ಪ್ರಿಯಸ್‌ಗೆ ಅಂದು ಸರ್ಕಾರ ಕೊಟ್ಟಿದ್ದ ಮೈಲೇಜ್ ಅಂಕವೇ ನಗರದಲ್ಲಿ 60, ಹೆದ್ದಾರಿಯಲ್ಲಿ 51. ಮಾಮೂಲಿ ಕಾರುಗಳಲ್ಲಿ ಇದು ತಿರುವುಮುರುವು. ಅಂದರೆ ಜಾಮ್‌ನಲ್ಲಿ ಎಲ್ಲರಿಗಿಂತ ಕಡಿಮೆ ಪೆಟ್ರೋಲ್ ಕುಡಿಯುವ ಕಾರನ್ನೇ ಜಾಮ್‌ನಿಂದ ಎತ್ತಿ ಹೊರಗಿಟ್ಟು, ಹೆಚ್ಚು ಕುಡಿಯುವವನ್ನು ಅಲ್ಲೇ ಬಿಟ್ಟರು. ಸ್ಟಿಕ್ಕರಿನ ಆಸೆಗೆ ಜನ ಹೈಬ್ರಿಡ್ ಕೊಂಡರೆ ಒಟ್ಟಾರೆ ಲಾಭ ಎಂಬ ವಾದ ಇದ್ದೇ ಇತ್ತು. ಆದರೆ 2014ರಲ್ಲಿ ಪ್ರಕಟವಾದ, ಲಾಸ್ ಏಂಜಲೀಸಿನ ಐ-10 ಕುರಿತ ಬೆಂಟೊ ಮತ್ತು ಸಂಗಡಿಗರ ಅಧ್ಯಯನದ ಲೆಕ್ಕ ಕಹಿಯಾಗಿದೆ: ನಿಜವಾದ ಕಾರ್‌ಪೂಲ್‌ನವರು ಕಳೆದುಕೊಂಡ ಸಮಯದ ಬೆಲೆಯ ಮುಂದೆ ಹೊಗೆಯಲ್ಲಿ ಉಳಿದದ್ದು ಅಲ್ಪ.

ಕೊಟ್ಟದ್ದನ್ನು ಹಿಂದೆ ಪಡೆಯುವುದು ಇನ್ನೊಂದು ಪಾಡು. ಮದುವೆ ಊಟದ ಪಂಕ್ತಿಯಲ್ಲಿ ನಾಲ್ಕು ಎಲೆ ಖಾಲಿ ಇದೆಯೆಂದು ದಾರಿಯವರನ್ನು ಕೂರಿಸಿದ ಮೇಲೆ, ಮನೆಯ ನೆಂಟರು ಬಂದಾಗ ಎಬ್ಬಿಸುವ ಬಾಯಿ ಯಾರಿಗಿದೆ? ಹಳದಿ ಸ್ಟಿಕ್ಕರಿನ ಗಡುವನ್ನು ಮುಂದೂಡಿ ಮುಂದೂಡಿ ಕೊನೆಗೆ 2011ರ ಜುಲೈ 1ಕ್ಕೆ ಎಬ್ಬಿಸಿದರು. ಆಗ ನಡೆದದ್ದು ಯಾರೂ ಎಣಿಸದ ಸಂಗತಿ. ಬರ್ಕ್ಲಿ ವಿಶ್ವವಿದ್ಯಾಲಯದ ಮೈಕಲ್ ಕ್ಯಾಸಿಡಿ ಮತ್ತು ಕಿಟೇ ಜಾಂಗ್ ರಸ್ತೆಯ ಸೆನ್ಸರ್‌ಗಳ ದತ್ತಾಂಶ ತೆಗೆದು ನೋಡಿದಾಗ, ಹೈಬ್ರಿಡ್‌ಗಳು ಹೊರಬಿದ್ದ ಮೇಲೆ ಕಾರ್‌ಪೂಲ್ ಲೇನೂ ನಿಧಾನವಾಗಿತ್ತು. ಹೇವರ್ಡ್ ಬಳಿ ಐ-880ರ ನಾಲ್ಕು ಮೈಲಿಯಲ್ಲಿ ವೇಗ ಶೇ. 15 ಕುಸಿದಿತ್ತು. ಕಾರಣ ಸರಳ: ಹೊರಬಿದ್ದ ಕಾರುಗಳು ಪಕ್ಕದ ಲೇನುಗಳನ್ನು ಇನ್ನಷ್ಟು ಕಟ್ಟಿಹಾಕಿದವು. ಪಕ್ಕದಲ್ಲಿ ನಿಂತೇಬಿಟ್ಟ ಸಾಲು ಇರುವಾಗ ಯಾರಾದರೂ ತಟ್ಟನೆ ಅಡ್ಡ ನುಗ್ಗಿಯಾರೆಂದು ಖಾಲಿ ಲೇನಿನವರೂ ಆಕ್ಸಿಲರೇಟರ್ ಬಿಡುತ್ತಾರೆ. ನಡುವೆ ಗೋಡೆ ಇಲ್ಲದ ಕಡೆ ಲೇನುಗಳು ಒಂದಕ್ಕೊಂದು ಅಂಟಿಕೊಂಡೇ ಬದುಕುತ್ತವೆ. ಸ್ಟಿಕ್ಕರನ್ನು ವಿರೋಧಿಸುವ ನನ್ನಂಥವರಿಗೆ ಇದು ನುಂಗಲಾರದ ತುತ್ತು. ಆದರೂ ಒಂದು ಮಾತು: ಅದು ಆ ವರ್ಷದ, ಅಷ್ಟೇ ಸಂಖ್ಯೆಯ ಕಾರುಗಳ ಕಥೆ.

ಸಂಖ್ಯೆ ಅಷ್ಟಕ್ಕೇ ನಿಲ್ಲಲಿಲ್ಲ. 2012ರಲ್ಲಿ ಹಸಿರು ಸ್ಟಿಕ್ಕರ್ ಬಂತು, ಪ್ಲಗ್ ಹೈಬ್ರಿಡ್‌ಗಳಿಗೆ. ಮಿತಿ 40,000 ಎಂದರು. 55,000 ಆಯಿತು, 70,000 ಆಯಿತು, 85,000 ಆಯಿತು, 2016ರಲ್ಲಿ ಮಿತಿಯನ್ನೇ ತೆಗೆದರು. ಆಗಿನ ಪ್ರಿಯಸ್ ಪ್ಲಗ್-ಇನ್ ಒಂದು ಚಾರ್ಜಿಗೆ ಓಡುತ್ತಿದ್ದದ್ದು ಅಧಿಕೃತ ಅಂದಾಜಿನಂತೆ 11 ಮೈಲಿ. ರಾತ್ರಿ ಮನೆಯಲ್ಲಿ ಅದಕ್ಕೆ ಪ್ಲಗ್ ಹಾಕಿದ್ದರೋ ಇಲ್ಲವೋ ಬಂಪರಿನ ಸ್ಟಿಕ್ಕರ್ ಕೇಳುತ್ತಿರಲಿಲ್ಲ. ಮುಂದಿನ ಕಾನೂನು ಕೊಂಚ ಪ್ರಾಮಾಣಿಕವಾಗಿತ್ತು: ಹೆಚ್ಚು ಆದಾಯದವರು ಸರ್ಕಾರದ ರಿಬೇಟ್ ಇಲ್ಲವೇ ಸ್ಟಿಕ್ಕರ್, ಎರಡರಲ್ಲಿ ಒಂದನ್ನು ಮಾತ್ರ ಪಡೆಯಬೇಕು. ಸ್ಟಿಕ್ಕರ್ ಎಂದರೆ ದುಡ್ಡೇ ಎಂದು ಸರ್ಕಾರ ಕೊನೆಗೂ ಬಾಯಿಬಿಟ್ಟು ಒಪ್ಪಿದಂತಾಯಿತು.

ಅತ್ತ ಮಾರುವ ದಾರಿ ಸದ್ದಿಲ್ಲದೆ ಬೆಳೆಯುತ್ತಿತ್ತು. 1995ರ ಡಿಸೆಂಬರಿನಲ್ಲಿ ಆರೆಂಜ್ ಕೌಂಟಿಯ ಎಸ್‌ಆರ್-91ರ ನಡುವೆ ಖಾಸಗಿ ಕಂಪನಿಯೊಂದು ಟೋಲ್ ಲೇನು ತೆರೆಯಿತು. ಗೇಟಿಲ್ಲ, ಚಿಲ್ಲರೆ ಇಲ್ಲ, ಗಾಜಿಗೆ ಅಂಟಿಸಿದ ಪೆಟ್ಟಿಗೆಯಿಂದಲೇ ವಸೂಲಿ; ನಮ್ಮ ಫಾಸ್ಟ್ಯಾಗ್ ಹುಟ್ಟುವುದಕ್ಕೆ ಎಷ್ಟೋ ಮೊದಲು. ಹೊತ್ತಿಗೆ ತಕ್ಕಂತೆ ದರ. ಪಕ್ಕದ ಉಚಿತ ರಸ್ತೆಯನ್ನು ಅಗಲಿಸಬಾರದೆಂಬ ಷರತ್ತು ಒಪ್ಪಂದದಲ್ಲಿತ್ತೆಂದು ಜನ ಗಲಾಟೆ ಎಬ್ಬಿಸಿದ ಮೇಲೆ 2003ರಲ್ಲಿ ಸಾರಿಗೆ ಪ್ರಾಧಿಕಾರ ಅದನ್ನು 20.75 ಕೋಟಿ ಡಾಲರಿಗೆ ಕೊಂಡುಕೊಂಡಿತು. ಸ್ಯಾನ್ ಡಿಯೇಗೊದ ಐ-15 ಇನ್ನೂ ಮುಂದೆ ಹೋಯಿತು. ಇದ್ದ ಕಾರ್‌ಪೂಲ್ ಲೇನಿನಲ್ಲಿ ಉಳಿದ ಜಾಗವನ್ನಷ್ಟೇ ಒಂಟಿ ಸವಾರರಿಗೆ ಮಾರಿತು. 1998ರಿಂದ ಟ್ರಾಫಿಕ್ ನೋಡಿ ಆರಾರು ನಿಮಿಷಕ್ಕೆ ದರ ಬದಲಿಸಿತು. ಲೇನು ತುಂಬುತ್ತಿದ್ದಂತೆ ಬೆಲೆ ಏರುತ್ತದೆ, ಏರಿದ್ದು ಕಂಡು ಕೆಲವರು ಹಿಂಜರಿಯುತ್ತಾರೆ, ಲೇನು ಓಡುತ್ತಲೇ ಇರುತ್ತದೆ. ಸ್ಟಿಕ್ಕರಿಗೆ ಎಂದೂ ಬಾರದ ಬುದ್ಧಿ ಇದು. ಹಲವು ವರ್ಷಗಳ ಹಕ್ಕನ್ನು ಒಂದೇ ಸಲ ಕೊಟ್ಟುಬಿಟ್ಟರೆ ಬೆಳಗಿನ ಎಂಟು ಗಂಟೆಗೂ ಮಧ್ಯರಾತ್ರಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ಎರಡು ದಾರಿಗಳೂ ಎದುರುಬದುರಾದಾಗ ಗೆದ್ದದ್ದು ಟೋಲ್. ವರ್ಜೀನಿಯಾದ ಐ-66ರಲ್ಲಿ ವಾಷಿಂಗ್ಟನ್ ನಗರಕ್ಕೆ ಹತ್ತಿರದ ಭಾಗ 2017ರ ಡಿಸೆಂಬರ್ 4ರಂದು ಟೋಲ್ ರಸ್ತೆಯಾದಾಗ ಹೈಬ್ರಿಡ್‌ಗಳ ವಿನಾಯಿತಿಯೂ ಅಂದೇ ಮುಗಿಯಿತು. ಮೊದಲ ದಿನವೇ ದರ 34.50 ಡಾಲರಿಗೆ ಏರಿ ದೇಶದ ಸುದ್ದಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಐ-880ರ ಟೋಲ್ ಇರುವ ಎಕ್ಸ್‌ಪ್ರೆಸ್ ಲೇನು 2020ರ ಅಕ್ಟೋಬರಿನಲ್ಲಿ ತೆರೆದಾಗ ಮೂವರಿದ್ದರೆ ಉಚಿತ, ಇಬ್ಬರಿದ್ದರೆ ಅರ್ಧ, ಸ್ಟಿಕ್ಕರ್ ಇದ್ದರೂ ಅರ್ಧ. ಫ್ರೀಮಾಂಟ್, ಮಿಲ್ಪಿಟಾಸ್ ಸುತ್ತ ನೆಲೆಸಿ ಸಿಲಿಕಾನ್ ಕಣಿವೆಯ ಕಂಪನಿಗಳಿಗೆ ಹೋಗಿಬರುವ ಕನ್ನಡಿಗರಿಗೆ 880, 237 ಎಂಬ ಅಂಕಿಗಳು ಊರಿನ ರಸ್ತೆಯ ಹೆಸರಿನಷ್ಟೇ ಬಾಯಿಪಾಠ. ಕಾರು ಕೊಳ್ಳುವಾಗ ‘ಸ್ಟಿಕ್ಕರ್ ಸಿಗುತ್ತಾ?’ ಎಂಬುದು ಮೈಲೇಜಿನಷ್ಟೇ ಮುಖ್ಯವಾದ ಪ್ರಶ್ನೆಯಾಗಿತ್ತು.

ಸ್ಟಿಕ್ಕರನ್ನು ಕೊನೆಗೆ ಮುಗಿಸಿದ್ದು ಗಡಿಯಾರ. ಬ್ಯಾಟರಿ ಮತ್ತು ಪ್ಲಗ್ ಕಾರುಗಳಿಗೆ ಕೇಂದ್ರ ಕೊಟ್ಟ ಅನುಮತಿಗೆ 2025ರ ಸೆಪ್ಟೆಂಬರ್ 30ರ ಗಡುವಿತ್ತು. ಕೇಂದ್ರ ಒಪ್ಪಿದರೆ 2027ರ ತನಕ ಮುಂದುವರಿಸಲು ಕ್ಯಾಲಿಫೋರ್ನಿಯಾ ತನ್ನ ಕಾನೂನನ್ನು ತಿದ್ದಿ ಇಟ್ಟುಕೊಂಡು ಕಾದಿತ್ತು. ವಾಷಿಂಗ್ಟನ್ ಕದಲಲಿಲ್ಲ. ಸ್ಟಿಕ್ಕರಿನ ಪರವಾಗಿ ವಾದಿಸಲು ಲೇನುಗಳ ಸ್ಥಿತಿಯೂ ಚೆನ್ನಾಗಿರಲಿಲ್ಲ. ವಾಹನ ದಟ್ಟಣೆಯ ಹೊತ್ತಿನ ಶೇ. 90 ಭಾಗ ಗಂಟೆಗೆ ಕನಿಷ್ಠ 45 ಮೈಲಿ ವೇಗ ಉಳಿಯಬೇಕೆಂಬುದು 2005ರ ಕಾಯ್ದೆಯ ಕಟ್ಟಳೆ. ರಾಜ್ಯದ ಎಷ್ಟೋ ಕಾರ್‌ಪೂಲ್ ಲೇನುಗಳು ಆ ಪರೀಕ್ಷೆಯಲ್ಲಿ ವರ್ಷ ವರ್ಷವೂ ಫೇಲಾಗುತ್ತಿದ್ದವು.

ಈಗ ಹೈಬ್ರಿಡ್ ಇರುವವರೂ ಟ್ರಕ್ಕಿನಷ್ಟು ದೊಡ್ಡ ಪೆಟ್ರೋಲ್ ಎಸ್‌ಯುವಿ ಇರುವವರೂ ಆ ಲೇನಿನ ಮುಂದೆ ಸಮಾನರು. ಸಾದಾ ಕಾರ್‌ಪೂಲ್ ಲೇನಾದರೆ ಜೊತೆಗೆ ಜನ ಬೇಕು. ಇಲ್ಲದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ದಂಡ ಶುರುವಾಗುವುದೇ 490 ಡಾಲರಿನಿಂದ. ಎಕ್ಸ್‌ಪ್ರೆಸ್ ಲೇನಾದರೆ ಟೋಲ್ ವಸೂಲಿಯ ಫಾಸ್ಟ್ರ್ಯಾಕ್ ಪೆಟ್ಟಿಗೆಯ ಮೇಲಿನ ಗುಂಡಿಯನ್ನು 1, 2, 3ರಲ್ಲಿ ಸರಿಯಾದ ಅಂಕಿಗೆ ಸರಿಸಬೇಕು. ಆ ಅಂಕಿಯನ್ನು ಹೇಳುವವರು ಓಡಿಸುವವರೇ. ಸುಳ್ಳು ಹೇಳಿದರೆ ಹಿಡಿಯುವುದು ಹೇಗೆಂಬುದು ಇಲಾಖೆಗಳಿಗೆ ಇನ್ನೂ ಬಿಡಿಸಲಾಗದ ಗಂಟು. ಹಿಂದಿನ ಸೀಟಿನಲ್ಲಿ ಮಲಗಿದ ಮಗುವನ್ನೂ ಬೊಂಬೆಯನ್ನೂ ಬೇರೆ ಮಾಡಿ ನೋಡಬಲ್ಲ ಕ್ಯಾಮೆರಾಗಳ ಪರೀಕ್ಷೆ ನಡೆಯುತ್ತಿದ್ದರೂ, ಬಹುತೇಕ ಕಡೆ ಇವತ್ತಿಗೂ ಕಾರಿನೊಳಗೆ ಇಣುಕಿ ತಲೆ ಎಣಿಸುವುದು ಹೆದ್ದಾರಿ ಪೊಲೀಸರೇ.