ಜಗನ್ಮೋಹನದ ಚಿತ್ರಶಾಲೆ

1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಉಳಿದದ್ದು ಬಿರುದು, ವರ್ಷಾಶನ ಮತ್ತು ವಿರಾಮ. ಈ ಮೂರರೊಳಗೆ ವಿರಾಮವನ್ನು ಅವರು ವಿನಿಯೋಗಿಸಿದ ಬಗೆಯನ್ನು ನೋಡಿದರೆ, ಆಳುವ ಹೊಣೆ ಕೈತಪ್ಪಿದುದು ಕನ್ನಡ ನಾಡಿನ ಚಿತ್ರಕಲೆಗೆ ಲಾಭವೇ ಆಯಿತೆನ್ನಬೇಕು. ಪಂಡಿತರನ್ನೂ ಚಿತ್ರಗಾರರನ್ನೂ ಕೂಡಿಸಿ 'ಶ್ರೀತತ್ತ್ವನಿಧಿ'ಯಂಥ ಬೃಹದ್ಗ್ರಂಥವನ್ನು ಸಿದ್ಧಪಡಿಸಿದ ಆ ದೊರೆ, ಚದುರಂಗದ ಚಮತ್ಕಾರಗಳಲ್ಲಿಯೂ ಗಂಜೀಫದ ಎಲೆಗಳಲ್ಲಿಯೂ ಗಣಿತವನ್ನೂ ಪುರಾಣವನ್ನೂ ಒಂದುಗೂಡಿಸಿ ಆನಂದಪಟ್ಟವರು. ಅವರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂದಿಗೂ ಕಾಣುವ ಯದುವಂಶದ ಸಂತಾನವೃಕ್ಷ, ದಸರೆಯ ಮೆರವಣಿಗೆ, ಆಟದ ಮನೆಗಳ ಚಿತ್ರಗಳು ಆ ವಿನೋದಬುದ್ಧಿಗೂ ವಂಶಾಭಿಮಾನಕ್ಕೂ ಸಾಕ್ಷಿಯಾಗಿವೆ. ಪ್ರಭುತ್ವವು ಕೈಯಲ್ಲಿಲ್ಲದ ಕಾಲದಲ್ಲಿ ಪ್ರಭುತ್ವದ ವೈಭವವನ್ನು ಭಿತ್ತಿಯ ಮೇಲೆ ಇಷ್ಟು ಸಾವಧಾನವಾಗಿ ಬರೆಯಿಸಿದವರ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಈ ಮನೆಯು ವಾಸದ ಮನೆಯಾಗಿ ಪ್ರಸಿದ್ಧಿಗೆ ಬಂದುದು ಒಂದು ಅನಾಹುತದಿಂದ. 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹೋತ್ಸವದ ಸಂಭ್ರಮದ ನಡುವೆಯೇ, ಕೋಟೆಯೊಳಗಿನ ಮರದ ಹಳೆಯ ಅರಮನೆಗೆ ಬೆಂಕಿ ಬಿದ್ದು ಅದರ ಬಹುಭಾಗವು ಬೂದಿಯಾಗಲು, ರಾಜಪರಿವಾರವು ಅನತಿದೂರದ ಜಗನ್ಮೋಹನಕ್ಕೆ ಬಂದು ನೆಲಸಿತು. ಇಂದು ಪ್ರವಾಸಿಗಳೆಲ್ಲರೂ ನೋಡಿ ಬೆರಗಾಗುವ ಕಲ್ಲಿನ ಹೊಸ ಅರಮನೆ 1912ರಲ್ಲಿ ಸಿದ್ಧವಾಗುವವರೆಗೂ ಇದೇ ಆಸ್ಥಾನಕ್ಕೆ ಆಶ್ರಯವಾಯಿತು. 1902ರ ಆಗಸ್ಟಿನಲ್ಲಿ ವೈಸರಾಯ್ ಲಾರ್ಡ್ ಕರ್ಜನ್ನರು ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ಒಪ್ಪಿಸಿದುದು ಇಲ್ಲಿಯೇ. 1907ರಲ್ಲಿ ನ್ಯಾಯವಿಧಾಯಕ ಸಭೆಯು ಮೊದಲು ಸೇರಿದುದೂ ಇಲ್ಲಿಯೇ. ಪ್ರಜಾಪ್ರತಿನಿಧಿ ಸಭೆಯ ಅಧಿವೇಶನಗಳಿಗೂ, ಹೊಸದಾಗಿ ಹುಟ್ಟಿದ ವಿಶ್ವವಿದ್ಯಾನಿಲಯದ ಮೊದಮೊದಲ ಘಟಿಕೋತ್ಸವಗಳಿಗೂ ಈ ಸಭಾಮಂದಿರವೇ ಎಡೆಗೊಟ್ಟಿತು. ಅರಸನ ಅಂತಃಪುರಕ್ಕಿಂತಲೂ ಪ್ರಜೆಗಳ ಕೂಟಕ್ಕೆ ಈ ಕಟ್ಟಡವು ಹೆಚ್ಚು ಒಗ್ಗಿಕೊಂಡಿತ್ತು. ಆದಕಾರಣ, ಹೊಸ ಅರಮನೆಗೆ ರಾಜಪರಿವಾರವು ತೆರಳಿದ ಮೇಲೆ, 1915ರಲ್ಲಿ ಇದು ಚಿತ್ರಶಾಲೆಯಾಗಿ ಪರಿವರ್ತಿತವಾದುದನ್ನು ಆಕಸ್ಮಿಕವೆನ್ನಲು ನನಗೆ ಮನಸ್ಸು ಬಾರದು.

ಚಿತ್ರಶಾಲೆಗೆ ಒಂದು ದೃಷ್ಟಿಯೂ ಕ್ರಮವೂ ದೊರೆತುದು 1924ರಲ್ಲಿ, ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರ ಸಹಾಯದಿಂದ. ಭಾರತೀಯ ಚಿತ್ರಕಲೆಯ ಪುನರುಜ್ಜೀವನದಲ್ಲಿ ಅಪಾರ ಶ್ರದ್ಧೆಯುಳ್ಳ ಈ ಥಿಯಾಸೊಫಿಸ್ಟರು, ಅವನೀಂದ್ರನಾಥ ಠಾಕೂರರ ಮತ್ತು ಅವರ ಶಿಷ್ಯಮಂಡಲಿಯ ಕೃತಿಗಳಿಗೆ ಸಾರ್ವಜನಿಕ ನೆಲೆಯೊಂದು ಬೇಕೆಂದು ಹಂಬಲಿಸುತ್ತಿದ್ದವರು. ಅಂದಿನವರೆಗೆ ಧನಿಕರ ಕೋಣೆಗಳಲ್ಲಿಯೂ ಪತ್ರಿಕೆಗಳ ಪುಟಗಳಲ್ಲಿಯೂ ಅಡಗಿದ್ದ ಆ ನವ್ಯ ಚಿತ್ರಗಳು ದಾರಿಹೋಕನ ಕಣ್ಣಿಗೂ ಬೀಳುವಂತಾದುದು ಅಲ್ಪ ಸಂಗತಿಯಲ್ಲ. ವಂಗಸಂಪ್ರದಾಯದ ಮಂಜು ಮುಸುಕಿದ ವರ್ಣಗಳಿಗೂ ರವಿವರ್ಮನು ತನ್ನ ಕಡೆಯ ವರ್ಷಗಳಲ್ಲಿ ಮೈಸೂರಿಗಾಗಿ ರಚಿಸಿದ ತೈಲಚಿತ್ರಗಳಿಗೂ, ಅಂದರೆ ಸಮುದ್ರದ ಗರ್ವವನ್ನು ಮುರಿಯುವ ರಾಮ, ಗೆದ್ದು ಬಂದ ಇಂದ್ರಜಿತು ಮೊದಲಾದ ಆ ನಾಟಕೀಯ ದೃಶ್ಯಗಳಿಗೂ, ರುಚಿಯಲ್ಲಿ ಬದ್ಧವೈರ. ಒಂದೇ ಸೂರಿನ ಕೆಳಗೆ ಈ ಎರಡನ್ನೂ ಇಟ್ಟುಕೊಂಡು ಯಾವುದನ್ನೂ ಹೊರದೂಡದ ಮೈಸೂರಿನ ಸೌಜನ್ಯವು ವಿಮರ್ಶಕರಿಗೆ ಹಿಡಿಸದಿದ್ದರೂ ಜನರಿಗೆ ಹಿತವಾಯಿತು.

ಜನರು ಬಂದುದು ಮುಖ್ಯವಾಗಿ ದಸರೆಯಲ್ಲಿ. ಜಂಬೂಸವಾರಿಯನ್ನು ನೋಡಲು ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದವರು ವಸ್ತುಪ್ರದರ್ಶನದಲ್ಲಿ ರೇಷ್ಮೆ, ಗಂಧದ ಕೆತ್ತನೆ, ಯಂತ್ರಗಳು ಇವುಗಳನ್ನೆಲ್ಲ ಸುತ್ತಿ, ಅಲ್ಲಿಂದ ಜಗನ್ಮೋಹನದ ಮೆಟ್ಟಿಲೇರುತ್ತಿದ್ದರು. ಅವರನ್ನು ಮೊದಲು ಸೆರೆಹಿಡಿಯುತ್ತಿದ್ದುದು ಚಿತ್ರಕಲೆಯಲ್ಲ, ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳನ್ನು ಸಾಲಾಗಿ ನಡೆಸುವ ಫ್ರಾನ್ಸಿನ ಗಡಿಯಾರ ಮತ್ತು ಭೂತಗನ್ನಡಿಯಿಟ್ಟು ನೋಡಬೇಕಾದ ಅಕ್ಕಿಕಾಳಿನ ಮೇಲಣ ಚಿತ್ರ. ಇದನ್ನು ಕಂಡು ಮೂಗು ಮುರಿಯುವವರುಂಟು; ಆದರೆ ಕೌತುಕದ ಬಾಗಿಲಿನಿಂದ ಒಳಹೊಕ್ಕವನು ರಸದ ಕೋಣೆಗೆ ತಲಪಲಾರನೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ವಸ್ತುಪ್ರದರ್ಶನಕ್ಕೂ ಚಿತ್ರಶಾಲೆಗೂ ಇದ್ದ ಕೊಡುಕೊಳ್ಳುವಿಕೆಗೆ ಹಳದಂಕರರ ದೀಪದ ಚಿತ್ರವೇ ನಿದರ್ಶನ. ಸಾವಂತವಾಡಿಯ ಎಸ್. ಎಲ್. ಹಳದಂಕರರು 1945-46ರ ಸುಮಾರಿಗೆ, ದೀಪವನ್ನು ಕೈಯಿಂದ ಮರೆಮಾಡಿಕೊಂಡು ನಿಂತ ತಮ್ಮ ಮಗಳನ್ನು ನೋಡಿ ರಚಿಸಿದ ಈ ಜಲವರ್ಣಚಿತ್ರವು, ದಸರಾ ಪ್ರದರ್ಶನದಲ್ಲಿ ಬಹುಮಾನ ಪಡೆದು ಜಗನ್ಮೋಹನದ ಸಂಗ್ರಹವನ್ನು ಸೇರಿತು. ಬೆರಳುಗಳ ಸಂದಿಯಲ್ಲಿ ಕೆಂಪಾಗಿ ತೂರುವ ಬೆಳಕು, ಮುಖದ ಮೇಲೆ ಹರಡುವ ಹೊಂಬಣ್ಣ, ಸೀರೆಯ ನೆರಿಗೆಗಳ ನೆರಳು, ಇವನ್ನು ತಿದ್ದಲು ಅವಕಾಶವೇ ಕೊಡದ ನೀರಿನ ಬಣ್ಣದಲ್ಲಿ ಸಾಧಿಸುವುದು ಎಂಥ ಕೈಗಾರಿಕೆಯೆಂಬುದನ್ನು ಕುಂಚ ಹಿಡಿದವರೇ ಬಲ್ಲರು. ಆದರೂ ಬಂದವರಲ್ಲಿ ಎಷ್ಟೋ ಮಂದಿ ಅದು ರವಿವರ್ಮನದೇ ಎಂದು ಮನೆಗೆ ಹೋಗಿ ವರ್ಣಿಸಿದರು; ಪಕ್ಕದ ಕೋಣೆಯ ಕೀರ್ತಿಯು ಹಳದಂಕರರ ಶ್ರಮವನ್ನು ನುಂಗಿತು. ಜನಪ್ರೀತಿಯು ಹೆಸರನ್ನು ವಿಚಾರಿಸದೆ ಹರಿಯುವುದಾದರೂ, ಚಿತ್ರಕಾರನಿಗೆ ಇದು ಅನ್ಯಾಯವೇ ಸರಿ.

1955ರಲ್ಲಿ ಚಿತ್ರಶಾಲೆಗೆ ಶ್ರೀ ಜಯಚಾಮರಾಜೇಂದ್ರರ ಹೆಸರು ಬಂದಿತು. ಹಳೆಯ ಸಭಾಂಗಣವು ಮಾತ್ರ ತನ್ನ ರೂಢಿಯನ್ನು ಬಿಡಲಿಲ್ಲ: ಸಂಗೀತ ಕಚೇರಿ, ನೃತ್ಯ, ನಾಟಕಗಳಿಗೆ ಅಲ್ಲಿ ಮೈಸೂರಿನ ಜನ ಸೇರುತ್ತಲೇ ಇದ್ದರು.